ಡೋರಿಯನ್ ಗ್ರೇ ಮಾಡಿದ್ದಾದರೂ ಏನು?

ಪ್ರಶ್ನೆ: ಆಸ್ಕರ್ ವೈಲ್ಡ್‌ನ ‘ದ ಪಿಕ್ಚರ್ ಆಫ್ ಡೋರಿಯನ್ ಗ್ರೇ’ ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ನಾಯಕ ಕೆಟ್ಟ, ಹಾಳಾದ, ಅವನ ಬದಲು ಚಿತ್ರಕ್ಕೆ ವಯಸ್ಸಾಯಿತು ಎಂದು ಪುಟಗಟ್ಟಲೆ ಬರುತ್ತದೆ. ಆದರೆ ಅವನು ಮಾಡಿದ್ದೇನು ಎಂದು ಲೇಖಕ ಬಾಯಿ ಬಿಡುವುದೇ ಇಲ್ಲ. ಕೊಲೆಯೊಂದನ್ನು ಬಿಟ್ಟರೆ ಹೆಚ್ಚಿನದೆಲ್ಲ ಗಾಳಿಮಾತು. ಇದು ಸಲಿಂಗ ಪ್ರೇಮದ ಕಾದಂಬರಿ ಎಂದು ಹಲವರು ಹೇಳುತ್ತಾರೆ. ನನಗೆ ಅದು ಪುಟದ ಮೇಲೆ ಕಾಣಲಿಲ್ಲ. ಓದುವಾಗ ನಾನೇ ಏನಾದರೂ ಬಿಟ್ಟೆನೆ? ಅಥವಾ ಇದು ಬರೀ ಒಂದು ಅತಿಮಾನುಷ ಕತೆಯೇ? ಈ ಕಾದಂಬರಿಗೆ ಎರಡು ಮೂರು ಪಾಠಗಳು, ಅಂದರೆ ಬೇರೆ ಬೇರೆ ರೂಪಗಳು, ಇವೆ ಎಂದೂ ಕೇಳಿದ್ದೇನೆ. ಯಾವುದನ್ನು ಓದಬೇಕು?

ಉತ್ತರ: ನೀವು ಏನನ್ನೂ ಬಿಟ್ಟಿಲ್ಲ. ಡೋರಿಯನ್‌ನ ಪಾಪಗಳ ಪಟ್ಟಿ ಆ ಕಾದಂಬರಿಯಲ್ಲಿ ಎಲ್ಲೂ ಇಲ್ಲ, ಇರಬಾರದು ಎಂದುಕೊಂಡೇ ವೈಲ್ಡ್ ಬರೆದ. 1890ರಲ್ಲಿ ಕತೆ ಅಚ್ಚಾದ ಕೂಡಲೇ ಪತ್ರಿಕೆಗಳು ಮುಗಿಬಿದ್ದವು. ಆಗ ‘ಸ್ಕಾಟ್ಸ್ ಅಬ್ಸರ್ವರ್’ಗೆ ಅವನು ಕೊಟ್ಟ ಉತ್ತರದ ತಿರುಳು ಇದು: ಡೋರಿಯನ್ ಗ್ರೇಯ ಪಾಪಗಳೇನೆಂದು ಯಾರಿಗೂ ಗೊತ್ತಿಲ್ಲ, ಅವನ್ನು ಕಂಡೆ ಎನ್ನುವವನು ತಾನೇ ಹೊತ್ತು ತಂದಿರುತ್ತಾನೆ. ಜಾಣ ಮಾತು, ಆದರೆ ಅರ್ಧ ಮಾತು. ಆ ಮೌನದಲ್ಲಿ ಕಲೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಈ ಪುಸ್ತಕ ಬೇರೆಯೇ ಆಗಿ ಕಾಣುತ್ತದೆ. ಬಾಯಲ್ಲಿ ಹೇಳಲಾಗದ್ದನ್ನು ಹೇಳಿಸುವುದಕ್ಕೇ ಇಲ್ಲಿ ಅತಿಮಾನುಷ ಬಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಭಯದ ವಿಷಯ. 1885ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯನ್ನು ಪಾಸು ಮಾಡಿತು. ಅದರ ಮೂಲ ಉದ್ದೇಶ ಹುಡುಗಿಯರ ರಕ್ಷಣೆ. ಹೆನ್ರಿ ಲಬುಶೇರ್ ಎಂಬ ಸದಸ್ಯ ಕೊನೆ ಗಳಿಗೆಯಲ್ಲಿ ಅದಕ್ಕೆ ಹನ್ನೊಂದನೆಯ ಕಲಮನ್ನು ಸೇರಿಸಿದ. ಗಂಡಸರಿಬ್ಬರ ನಡುವೆ, ಬಹಿರಂಗವಾಗಿ ಇರಲಿ ಖಾಸಗಿಯಾಗಿ ಇರಲಿ, ‘ಘೋರ ಅಸಭ್ಯತೆ’ ನಡೆದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ಕಠಿಣ ದುಡಿಮೆಯನ್ನೂ ವಿಧಿಸಬಹುದು. ಯಾವುದು ಅಸಭ್ಯತೆ ಎಂಬ ವಿವರಣೆ ಕಾಯ್ದೆಯಲ್ಲಿ ಇರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಒಂದು ಪತ್ರದಿಂದ, ಒಬ್ಬ ಆಳಿನಿಂದ, ಹಣ ಕೀಳಲು ಬಂದವನ ಬಾಯಿಂದ. ಬ್ಲ್ಯಾಕ್‌ಮೇಲ್ ಮಾಡುವವರಿಗೆ ಬರೆದುಕೊಟ್ಟ ಸನ್ನದು ಎಂದೇ ಆ ಕಲಮಿಗೆ ಹೆಸರಾಯಿತು.

ನಾಲ್ಕು ವರ್ಷದ ಬಳಿಕ, 1889ರಲ್ಲಿ, ಲಂಡನ್ನಿನ ಕ್ಲೀವ್‌ಲ್ಯಾಂಡ್ ಸ್ಟ್ರೀಟಿನ ಒಂದು ಮನೆಯ ಗುಟ್ಟು ರಟ್ಟಾಯಿತು. ತಂತಿ (ಟೆಲಿಗ್ರಾಂ) ಹಂಚುವ ಹುಡುಗರು ಮೈ ಮಾರಲು ಅಲ್ಲಿಗೆ ಹೋಗುತ್ತಿದ್ದರು, ದೊಡ್ಡ ಮನೆತನದವರು ಗಿರಾಕಿಗಳು. ಲಾರ್ಡ್ ಆರ್ಥರ್ ಸಾಮರ್‌ಸೆಟ್ ದೇಶ ಬಿಟ್ಟು ತಲೆಮರೆಸಿಕೊಂಡ. ವೈಲ್ಡ್‌ನ ಕತೆಯನ್ನು ಓದಿದ ‘ಸ್ಕಾಟ್ಸ್ ಅಬ್ಸರ್ವರ್’ ವಿಮರ್ಶಕ, ದೇಶಭ್ರಷ್ಟ ಶ್ರೀಮಂತರಿಗೂ ಕೆಟ್ಟ ತಂತಿ ಹುಡುಗರಿಗೂ ಬಿಟ್ಟು ಬೇರೆ ಯಾರಿಗೂ ಬರೆಯಲಾಗದಿದ್ದರೆ ಈತ ಹೊಲಿಗೆ ಕೆಲಸ ಹಿಡಿಯುವುದು ಒಳ್ಳೆಯದು ಎಂದು ಬರೆದ. ಆ ಸಾಲು ಯಾವ ಮನೆಯನ್ನು ಕುರಿತದ್ದು ಎಂದು ಅಂದಿನ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಈಗ ಹನ್ನೆರಡನೆಯ ಅಧ್ಯಾಯಕ್ಕೆ ಹಿಂತಿರುಗಿ. ಚಿತ್ರಕಾರ ಬೇಸಿಲ್ ಹಾಲ್‌ವರ್ಡ್ ಒಂದು ರಾತ್ರಿ ಡೋರಿಯನ್‌ನನ್ನು ತಡೆದು, ನಿನ್ನ ಸ್ನೇಹ ಎಳೆಯ ಗಂಡಸರಿಗೆ ಯಾಕೆ ಇಷ್ಟು ಮಾರಕವಾಗುತ್ತದೆ ಎಂದು ಕೇಳುತ್ತಾನೆ. ಸೈನ್ಯದ ಗಾರ್ಡ್ಸ್ ದಳದಲ್ಲಿದ್ದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಸರ್ ಹೆನ್ರಿ ಆಷ್ಟನ್ ಹೆಸರು ಕೆಡಿಸಿಕೊಂಡು ಇಂಗ್ಲೆಂಡ್ ಬಿಟ್ಟ. ಏಡ್ರಿಯನ್ ಸಿಂಗಲ್ಟನ್, ಲಾರ್ಡ್ ಕೆಂಟ್‌ನ ಒಬ್ಬನೇ ಮಗ, ಪರ್ತ್‌ನ ಎಳೆಯ ಡ್ಯೂಕ್ ಹೀಗೆ ಹೆಸರುಗಳು ಬರುತ್ತವೆ. ಕಾರಣ ಒಂದಕ್ಕೂ ಇಲ್ಲ. ನೂರಮೂವತ್ತು ವರ್ಷ ದಾಟಿ ಬಂದ ನಮಗೆ ಇದು ಗಾಳಿಮಾತು. ಹಿಂದಿನ ವರ್ಷವಷ್ಟೇ ಸಾಮರ್‌ಸೆಟ್ ಓಡಿಹೋದ ಸುದ್ದಿ ಕೇಳಿದ್ದವನಿಗೆ, ‘ಹೆಸರು ಕೆಟ್ಟು ದೇಶ ಬಿಟ್ಟ’ ಎಂಬಷ್ಟೇ ಸಾಕಿತ್ತು. ನಿಮಗೆ ಕಾಣದೆ ಹೋದದ್ದು ಇದೇ. ಅದು ನಿಮ್ಮ ಓದಿನ ಕೊರತೆಯಲ್ಲ, ಕಾಲದ ಅಂತರ.

ಆದರೂ ಡೋರಿಯನ್‌ನಲ್ಲೇ ಕಣ್ಣು ನೆಟ್ಟರೆ ಕಾದಂಬರಿಯ ಒಳಗುಟ್ಟು ಕೈಗೆ ಸಿಗುವುದಿಲ್ಲ. ಬಿಗಿಹಿಡಿದ ಆಸೆಯ ಕತೆ ಇಲ್ಲಿ ಬೇಸಿಲ್‌ನದು. ಅವನನ್ನು ಸಪ್ಪೆ ಪಾತ್ರ, ನೀತಿ ಹೇಳಲು ಇಟ್ಟ ಬೊಂಬೆ ಎಂದು ಹಲವರು ದಾಟಿಸಿಬಿಡುತ್ತಾರೆ. ವೈಲ್ಡ್ ಹಾಗೆ ಎಣಿಸಿರಲಿಲ್ಲ. 1894ರ ಒಂದು ಪತ್ರದಲ್ಲಿ, ನಾನು ಯಾರೆಂದು ನಾನು ತಿಳಿದಿದ್ದೇನೋ ಅದು ಬೇಸಿಲ್, ಲೋಕ ನನ್ನನ್ನು ಏನೆಂದು ತಿಳಿದಿದೆಯೋ ಅದು ಲಾರ್ಡ್ ಹೆನ್ರಿ (ಡೋರಿಯನ್‌ನನ್ನು ಭೋಗದತ್ತ ಸೆಳೆಯುವ ಗೆಳೆಯ), ನಾನು ಏನಾಗಬೇಕೆಂದು ಬಯಸುತ್ತೇನೋ ಅದು ಡೋರಿಯನ್, ಬಹುಶಃ ಬೇರೆ ಯಾವುದೋ ಯುಗದಲ್ಲಿ, ಎಂದು ಬರೆದಿದ್ದಾನೆ.

ಪುಸ್ತಕದ ಒಂಬತ್ತನೆಯ ಅಧ್ಯಾಯವನ್ನು ನಿಧಾನವಾಗಿ ಮತ್ತೊಮ್ಮೆ ಓದಿ. ಡೋರಿಯನ್ ಪ್ರೀತಿಸಿ ಕೈಬಿಟ್ಟ ನಟಿ ಸಿಬಿಲ್ ವೇನ್ ಸತ್ತ ಮರುದಿನ. ಚಿತ್ರದ ಬಾಯಂಚಿನಲ್ಲಿ ಕ್ರೌರ್ಯದ ಗೆರೆ ಮೂಡಿರುವುದನ್ನು ಡೋರಿಯನ್ ಕಂಡಾಗಿದೆ, ಅದಕ್ಕೆ ಅಡ್ಡಲಾಗಿ ಮರೆ ಇಟ್ಟಿದ್ದಾನೆ. ಆಗ ಬೇಸಿಲ್ ಬಂದು, ನನ್ನ ಚಿತ್ರವನ್ನು ಒಮ್ಮೆ ನೋಡಬೇಕು, ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಇಡಬೇಕು ಎನ್ನುತ್ತಾನೆ. ಡೋರಿಯನ್ ಬಿಳಚಿಕೊಂಡು ಅಡ್ಡ ನಿಲ್ಲುತ್ತಾನೆ: ನೋಡಿದರೆ ಈ ಜನ್ಮದಲ್ಲಿ ನಿನ್ನೊಡನೆ ಮಾತಾಡುವುದಿಲ್ಲ. ಮೊದಲು ಇದೇ ಬೇಸಿಲ್ ಚಿತ್ರವನ್ನು ಹೊರಗೆ ತೋರಿಸಲಾರೆ ಎಂದಿದ್ದವನು. ಯಾಕೆ ಎಂದು ಡೋರಿಯನ್ ಕೇಳುತ್ತಾನೆ. ಬೇಸಿಲ್ ತಪ್ಪು ತಿಳಿಯುತ್ತಾನೆ. ತಾನು ಬಣ್ಣದಲ್ಲಿ ಅಡಗಿಸಿಟ್ಟದ್ದನ್ನು ಈತ ಗುರುತಿಸಿಬಿಟ್ಟ ಎಂದುಕೊಂಡು ಎಲ್ಲವನ್ನೂ ತೋಡಿಕೊಳ್ಳುತ್ತಾನೆ.

ಒಂದೇ ಚಿತ್ರ, ಅದಕ್ಕೆ ಹೆದರುವವರು ಇಬ್ಬರು. ಬರೆದವನಿಗೆ ತನ್ನ ಪ್ರೀತಿ ಅದರಲ್ಲಿ ಕಂಡೀತು ಎಂಬ ಭಯ, ಕುಳಿತು ಬರೆಸಿಕೊಂಡವನಿಗೆ ತನ್ನ ಪಾಪ ಕಂಡೀತು ಎಂಬ ಭಯ. ಮಾತು ಮುಗಿದಾಗ ಡೋರಿಯನ್ ತನ್ನ ಗುಟ್ಟನ್ನು ಉಳಿಸಿಕೊಂಡಿದ್ದಾನೆ, ಗೆಳೆಯನ ಗುಟ್ಟನ್ನು ಕಿತ್ತುಕೊಂಡಿದ್ದಾನೆ. ಅಧ್ಯಾಯದ ಕೊನೆಯಲ್ಲಿ ವೈಲ್ಡ್ ಇದನ್ನು ನೇರವಾಗಿಯೇ ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ನೋವಿನ ದೃಶ್ಯ ಇದು, ಮುಂದೆ ಡೋರಿಯನ್ ಇದೇ ಬೇಸಿಲ್‌ನನ್ನು ಕೊಲೆ ಮಾಡುವ ದೃಶ್ಯಕ್ಕಿಂತಲೂ.

ಆ ತೋಡಿಕೊಂಡ ಮಾತಿನ ಮೇಲೆ ಎಷ್ಟು ಸಲ ಕತ್ತರಿ ಆಡಿದೆ ನೋಡಿ. ವೈಲ್ಡ್ ಫಿಲಡೆಲ್ಫಿಯಾದ ‘ಲಿಪಿನ್‌ಕಾಟ್ಸ್’ ಮಾಸಪತ್ರಿಕೆಗೆ ಕಳುಹಿಸಿದ ಟೈಪ್ ಪ್ರತಿಯಲ್ಲಿ, ಪ್ರತಿ ಗೆರೆಯಲ್ಲೂ ಪ್ರೀತಿ ಇತ್ತು, ಪ್ರತಿ ಸ್ಪರ್ಶದಲ್ಲೂ ಮೋಹ ಇತ್ತು ಎಂಬ ಸಾಲು ಇತ್ತು. ಸಂಪಾದಕ ಜೆ. ಎಂ. ಸ್ಟೊಡಾರ್ಟ್ ಅದನ್ನು ತೆಗೆದ. ಒಟ್ಟಿನಲ್ಲಿ ಅವನು ತೆಗೆದದ್ದು ಸುಮಾರು ಐನೂರು ಪದ, ಲೇಖಕನನ್ನು ಕೇಳದೆ. ಹಾಗಿದ್ದೂ 1890ರ ಜುಲೈ ಸಂಚಿಕೆಯಲ್ಲಿ ಅಚ್ಚಾದ ಪಾಠದಲ್ಲಿ ಬೇಸಿಲ್, ಗೆಳೆಯನಿಗೆ ಗಂಡಸು ಸಾಮಾನ್ಯವಾಗಿ ಕೊಡುವುದಕ್ಕಿಂತ ಎಷ್ಟೋ ಹೆಚ್ಚಿನ ಪ್ರಣಯಭಾವದಿಂದ ನಿನ್ನನ್ನು ಆರಾಧಿಸಿದೆ, ಯಾಕೋ ನಾನು ಯಾವ ಹೆಂಗಸನ್ನೂ ಪ್ರೀತಿಸಲಿಲ್ಲ ಎನ್ನುತ್ತಾನೆ. ಬ್ರಿಟನ್ನಿನ ಡಬ್ಲ್ಯು. ಎಚ್. ಸ್ಮಿತ್ ತನ್ನ ರೈಲ್ವೆ ಪುಸ್ತಕದಂಗಡಿಗಳಿಂದ ಆ ಸಂಚಿಕೆಯನ್ನು ವಾಪಸು ತೆಗೆಸಿತು. ಈ ಅಂಜಿಕೆಗೆ ಕಾರಣವೂ ಇತ್ತು: ಫ್ರೆಂಚ್ ಕಾದಂಬರಿಕಾರ ಝೋಲಾನ ಅನುವಾದಗಳನ್ನು ಪ್ರಕಟಿಸಿದ ತಪ್ಪಿಗೆ ಹೆನ್ರಿ ವಿಝೆಟೆಲಿ ಎಂಬ ಪ್ರಕಾಶಕನನ್ನು 1889ರಲ್ಲಷ್ಟೇ ಜೈಲಿಗೆ ಹಾಕಿದ್ದರು. ವಾರ್ಡ್ ಲಾಕ್ ಸಂಸ್ಥೆಗಾಗಿ 1891ರಲ್ಲಿ ಪುಸ್ತಕ ಸಿದ್ಧಪಡಿಸುವಾಗ ವೈಲ್ಡ್ ತಾನೇ ಆ ಮಾತನ್ನು ತೆಗೆದು, ನೀನು ನನಗೆ ಕಾಣದ ಆದರ್ಶವೊಂದರ ಕಾಣುವ ರೂಪವಾದೆ ಎಂಬಂತೆ ತಿದ್ದಿದ. ಮನುಷ್ಯನ ಪ್ರೀತಿ ಕಲಾತತ್ವವಾಗಿ ಮಾರ್ಪಟ್ಟಿತು. ನೀವು ಓದಿದ್ದು ಬಹುಮಟ್ಟಿಗೆ ಈ ಪಾಠ. ಪುಟದ ಮೇಲೆ ಕಾಣಲಿಲ್ಲ ಎಂಬ ನಿಮ್ಮ ಮಾತಿಗೆ ಇದೂ ಒಂದು ಕಾರಣ.

ಇಲ್ಲಿಂದ ಅತಿಮಾನುಷದ ಪ್ರಶ್ನೆಗೆ ಬರೋಣ. ‘ಬರೀ’ ಅತಿಮಾನುಷ ಕತೆಯೇ ಎಂದು ನೀವು ಕೇಳಿದ್ದೀರಿ. ಆ ‘ಬರೀ’ ಎಂಬುದನ್ನು ನಾನು ಒಪ್ಪಲಾರೆ. ಈ ಬಗೆಯ ಕತೆಗಳು ವೈಲ್ಡ್‌ಗೆ ಮನೆತನದಿಂದಲೇ ಬಂದ ಆಸ್ತಿ. ಅವನ ತಾಯಿಯ ಕಡೆಯ ನಂಟ ಚಾರ್ಲ್ಸ್ ಮಟ್ಯೂರಿನ್ 1820ರಲ್ಲಿ ‘ಮೆಲ್‌ಮತ್ ದ ವಾಂಡರರ್’ ಬರೆದ. ಸೈತಾನನೊಡನೆ ಒಪ್ಪಂದ ಮಾಡಿಕೊಂಡು ಆಯುಷ್ಯ ಹೆಚ್ಚಿಸಿಕೊಂಡವನ ಕತೆ ಅದು. ಮುಚ್ಚಿದ ಕೋಣೆಯಲ್ಲಿ ಅವನ ಭಾವಚಿತ್ರ ಸಿಗುತ್ತದೆ, ಮೇಲೆ 1646ನೆಯ ಇಸವಿ, ಕಣ್ಣುಗಳು ನೋಡುವವನನ್ನು ಬಿಡುವುದಿಲ್ಲ. ವೈಲ್ಡ್ ಈ ಸರಕನ್ನು ಎತ್ತಿಕೊಂಡು ಸೈತಾನನನ್ನು ಹೊರಗೆ ಹಾಕಿದ. ಡೋರಿಯನ್ ಯಾರೊಡನೆಯೂ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ, ಔಷಧಿ ಕುಡಿಯುವುದಿಲ್ಲ. ನಾನು ಹೀಗೇ ಇರಲಿ, ಚಿತ್ರಕ್ಕೆ ವಯಸ್ಸಾಗಲಿ ಎಂದು ಬಾಯಿ ತಪ್ಪಿ ಬಯಸುತ್ತಾನೆ, ಆಗಿಬಿಡುತ್ತದೆ. ಯಾರು ಕೊಟ್ಟ ವರ, ಯಾರ ಶಾಪ? ಉತ್ತರ ಇಲ್ಲ. ಹಿಂದೆ ಉಳಿಯುವುದು ಬಯಕೆ ಒಂದೇ.

ಆ ಬಯಕೆ ಫಲಿಸಿದ ಕ್ಯಾನ್ವಾಸ್ ಎಂಥದು ಎಂಬುದು ಮುಖ್ಯ. ಯಾವನೋ ಕೂಲಿಗೆ ಬರೆದ ಭಾವಚಿತ್ರವಾಗಿದ್ದರೆ ಅದಕ್ಕೆ ಜೀವ ಬರುತ್ತಿರಲಿಲ್ಲ ಎಂದು ಕಾದಂಬರಿ ಸೂಚಿಸುತ್ತದೆ. ಮೊದಲ ಅಧ್ಯಾಯದಲ್ಲೇ ಬೇಸಿಲ್, ನನ್ನನ್ನೇ ಇದರಲ್ಲಿ ಅತಿಯಾಗಿ ಇಟ್ಟುಬಿಟ್ಟಿದ್ದೇನೆ, ಅದಕ್ಕೇ ತೋರಿಸಲಾರೆ ಎನ್ನುತ್ತಾನೆ. ಹೇಳಿಕೊಳ್ಳಲಾಗದ ಪ್ರೀತಿಯೊಂದು ಬಣ್ಣದೊಳಗೆ ಸೇರಿಹೋಗಿದೆ. ಬಚ್ಚಿಟ್ಟ ಭಾವದಿಂದ ಹುಟ್ಟಿದ ವಸ್ತುವೇ ಮುಂದೆ ಬಚ್ಚಿಟ್ಟ ಬದುಕಿಗೆ ಕನ್ನಡಿಯಾಗುತ್ತದೆ.

ಹತ್ತನೆಯ ಅಧ್ಯಾಯದಲ್ಲಿ ಅದನ್ನು ಮಹಡಿಗೆ ಸಾಗಿಸುವ ಪ್ರಸಂಗವನ್ನು ಹತ್ತಿರದಿಂದ ನೋಡಿ. ಮನೆ ಗ್ರೋವನರ್ ಸ್ಕ್ವೇರಿನಲ್ಲಿ, ಲಂಡನ್ನಿನ ಶ್ರೀಮಂತರ ನಡುಮಧ್ಯೆ. ಡೋರಿಯನ್ ಮನೆ ನೋಡಿಕೊಳ್ಳುವ ಮಿಸೆಸ್ ಲೀಫ್‌ಳನ್ನು ಕರೆದು ಹಳೆಯ ಪಾಠದ ಕೋಣೆಯ ಬೀಗದ ಕೈ ಕೇಳುತ್ತಾನೆ. ಯಜಮಾನರು ಸತ್ತ ಮೇಲೆ ಸುಮಾರು ಐದು ವರ್ಷದಿಂದ ತೆಗೆದಿಲ್ಲ, ಧೂಳು ತುಂಬಿದೆ, ಗುಡಿಸಿ ಕೊಡುತ್ತೇನೆ ಎನ್ನುತ್ತಾಳೆ ಆ ಮುದುಕಿ. ಬೇಡ, ಬೀಗದ ಕೈ ಮಾತ್ರ ಕೊಡು ಎನ್ನುತ್ತಾನೆ ಡೋರಿಯನ್. ನೇರಳೆ ಬಣ್ಣದ, ಚಿನ್ನದ ಕಸೂತಿಯ ಸ್ಯಾಟಿನ್ ಹೊದಿಕೆಯನ್ನು ಚಿತ್ರದ ಮೇಲೆ ಹಾಕುತ್ತಾನೆ. ಸೌತ್ ಆಡ್ಲಿ ಸ್ಟ್ರೀಟಿನಿಂದ ಚೌಕಟ್ಟು ಮಾಡುವ ಹಬ್ಬರ್ಡ್ ತನ್ನ ಆಳಿನೊಂದಿಗೆ ಬಂದು ಹೊರುತ್ತಾನೆ. ತುಂಬ ಭಾರ ಸರ್ ಎನ್ನುತ್ತಾನೆ ಪಾಪ. ಒಮ್ಮೆ ನೋಡಬಹುದೇ ಎಂಬ ಕುತೂಹಲ ಅವನಿಗೂ ಇದೆ. ತನ್ನ ಸೇವಕ ವಿಕ್ಟರ್ ಎಲ್ಲಿ ಇಣುಕುತ್ತಾನೋ ಎಂದು ಡೋರಿಯನ್ ಅವನನ್ನು ಮೊದಲೇ ಬೇರೆ ಕೆಲಸದ ನೆಪದಲ್ಲಿ ಹೊರಗೆ ಅಟ್ಟಿದ್ದಾನೆ. ಪತ್ರವೊಂದನ್ನು ಓದಿದ, ಮಾತೊಂದನ್ನು ಕದ್ದು ಕೇಳಿದ, ವಿಳಾಸದ ಚೀಟಿಯನ್ನೋ ದಿಂಬಿನ ಕೆಳಗಿನ ಒಣ ಹೂವನ್ನೋ ಕಂಡ ಆಳುಗಳು ಶ್ರೀಮಂತರನ್ನು ಜೀವಮಾನವಿಡೀ ಹಿಂಡಿದ ಕತೆಗಳು ಅವನ ನೆನಪಿಗೆ ಬರುತ್ತವೆ.

ಮಾಂತ್ರಿಕ ಚಿತ್ರ ಬಚ್ಚಿಡುವವನಿಗೆ ಬ್ಲ್ಯಾಕ್‌ಮೇಲಿನ ನೆನಪೇಕೆ? 1885ರ ಕಲಮಿನ ನೆರಳಲ್ಲಿ ಬದುಕಿದ ಗಂಡಸರ ದಿನನಿತ್ಯದ ಭಯ ಅದು. ಅದನ್ನು ವೈಲ್ಡ್ ಅಕ್ಷರಶಃ ಹಾಗೆಯೇ ತಂದು ದೆವ್ವದ ಕತೆಯೊಳಗೆ ಕೂಡಿಸಿದ್ದಾನೆ. ನಡೆದ ಸಂಗತಿಯನ್ನು ಹೆಸರಿಸದೆ, ಆ ಬದುಕು ಒಳಗಿನಿಂದ ಹೇಗಿರುತ್ತದೆ ಎಂಬುದನ್ನು ಪೂರ್ತಿ ಬರೆದಿದ್ದಾನೆ: ಬೀಗ, ಮರೆ, ಆಳಿನ ಕಣ್ಣು, ಊರಾಚೆಯ ಮನೆಯಲ್ಲಿದ್ದಾಗಲೂ ಬಾಗಿಲು ಯಾರಾದರೂ ಮುರಿದರೋ ಎಂದು ಲಂಡನ್ನಿಗೆ ಓಡಿ ಬರುವುದು. ಇನ್ನೊಂದು ವಿವರ. ಆ ಪಾಠದ ಕೋಣೆಯನ್ನು ಕಟ್ಟಿಸಿದವನು ಡೋರಿಯನ್‌ನ ತಾತ ಲಾರ್ಡ್ ಕೆಲ್ಸೋ. ಕಂಡರಾಗದ ಮೊಮ್ಮಗನನ್ನು ಕಣ್ಣಿಗೆ ಬೀಳದಂತೆ ದೂರ ಇಡಲು ಕಟ್ಟಿಸಿದ ಕೋಣೆ. ಬಾಲ್ಯದಲ್ಲಿ ತನ್ನನ್ನು ಬಚ್ಚಿಟ್ಟ ಜಾಗದಲ್ಲೇ ಡೋರಿಯನ್ ತನ್ನ ಆತ್ಮವನ್ನೂ ತಂದು ಬಚ್ಚಿಡುತ್ತಾನೆ. ಇಂಥದ್ದನ್ನು ವೈಲ್ಡ್ ಒತ್ತಿ ಹೇಳುವುದಿಲ್ಲ.

ಹೇಳದೆ ಬಿಡುವ ಈ ಕಸುಬು ತುತ್ತತುದಿ ಮುಟ್ಟುವುದು ಆಲನ್ ಕ್ಯಾಂಪ್‌ಬೆಲ್ ಬಂದಾಗ. ಕೊಲೆಯ ಮರುದಿನ ಹೆಣವನ್ನು ಕರಗಿಸಲು ಡೋರಿಯನ್‌ಗೆ ರಸಾಯನಶಾಸ್ತ್ರಜ್ಞನೊಬ್ಬ ಬೇಕು. ಒಂದು ಕಾಲದಲ್ಲಿ ಇಬ್ಬರೂ ಬಿಟ್ಟಿರಲಾರದ ಗೆಳೆಯರು. ಈಗ ಎದುರಾದರೂ ಮಾತಿಲ್ಲ. ಯಾಕೆ ಮುರಿಯಿತು? ಹೇಳಿಲ್ಲ. ಆಲನ್ ಒಪ್ಪುವುದಿಲ್ಲ. ಡೋರಿಯನ್ ಒಂದು ಚೀಟಿಯ ಮೇಲೆ ಏನನ್ನೋ ಬರೆದು, ಮಡಚಿ, ಮೇಜಿನ ಮೇಲೆ ಅವನತ್ತ ಸರಿಸಿ ಕಿಟಕಿಯ ಬಳಿ ಹೋಗಿ ನಿಲ್ಲುತ್ತಾನೆ. ಓದಿದ ಆಲನ್ ಹೆಣದಂತೆ ಬಿಳುಚಿಕೊಂಡು ಕುರ್ಚಿಗೆ ಒರಗುತ್ತಾನೆ. ಚೀಟಿಯಲ್ಲಿ ಏನಿತ್ತು? ಅದನ್ನೂ ಹೇಳಿಲ್ಲ. ಆಲನ್ ಕೆಲಸ ಮುಗಿಸಿ ಹೋಗುತ್ತಾನೆ, ಮುಂದೆ ಒಂದು ರಾತ್ರಿ ತನ್ನ ಪ್ರಯೋಗಾಲಯದಲ್ಲಿ ಗುಂಡು ಹಾರಿಸಿಕೊಳ್ಳುತ್ತಾನೆ. ಚೀಟಿಯ ಒಂದು ಅಕ್ಷರವೂ ನಮಗೆ ಕಾಣದೆ ಅದರ ಬಲವೆಲ್ಲ ತಿಳಿಯುತ್ತದೆ. ನಮ್ಮ ಆಲಂಕಾರಿಕರು ಧ್ವನಿ (ಹೇಳದೆಯೇ ಹೊಳೆಯಿಸುವ ಅರ್ಥ) ಎಂದು ಕರೆದದ್ದಕ್ಕೆ ಇಂಗ್ಲಿಷಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಹಾಗಾದರೆ ಪಾಪ ಎಂದರೆ ಸಲಿಂಗ ಪ್ರೇಮ, ಒಗಟು ಬಿಡಿಸಿಯಾಯಿತು ಎಂದು ಪುಸ್ತಕ ಮುಚ್ಚಿದರೆ ವೈಲ್ಡ್‌ಗೆ ದೊಡ್ಡ ಅನ್ಯಾಯ. ಚಿತ್ರ ಮೊದಲು ಕೆಡುವುದು ಒಬ್ಬ ಹುಡುಗಿಗೆ ಮಾಡಿದ ಕ್ರೌರ್ಯದಿಂದ. ಸಿಬಿಲ್ ಒಂದು ರಾತ್ರಿ ಕೆಟ್ಟದಾಗಿ ನಟಿಸಿದಳೆಂದು ಡೋರಿಯನ್ ಅವಳನ್ನು ಕಾಲ ಬಳಿ ಅಳುತ್ತಾ ಬಿಟ್ಟುಹೋದ. ಲಾರ್ಡ್ ಹೆನ್ರಿಯ ತಂಗಿ ಗ್ವೆಂಡೊಲೆನ್‌ಳ ಹೆಸರು ಎಷ್ಟು ಕೆಟ್ಟಿತೆಂದರೆ ಅವಳ ಮಕ್ಕಳನ್ನೇ ಅವಳ ಜೊತೆ ಇರಗೊಡಲಿಲ್ಲ. ಹಡಗುಕಟ್ಟೆಯ ಬಳಿಯ ಅಫೀಮಿನ ಗುಹೆಗಳಲ್ಲಿ ಅವನಿಂದ ಹಾಳಾದ ಹೆಂಗಸೂ ಇದ್ದಾಳೆ, ಗಂಡಸೂ ಇದ್ದಾನೆ. ಯಾರನ್ನು ಪ್ರೀತಿಸಿದ ಎಂಬುದಕ್ಕೆ ಚಿತ್ರ ಕೊಳೆಯಲಿಲ್ಲ. ಪ್ರೀತಿಸಿದವರನ್ನು ಬಳಸಿ ಬಿಸಾಡಿದ್ದಕ್ಕೆ ಕೊಳೆಯಿತು. ನಿಜವಾಗಿ ಪ್ರೀತಿಸಿದವನು ಬೇಸಿಲ್, ಅವನ ಪ್ರೀತಿಯಿಂದ ಆ ಚಿತ್ರ ಸುಂದರವಾಗಿ ಹುಟ್ಟಿತ್ತು. ಇದನ್ನು ಗಮನಿಸಿದವರು ಕಡಿಮೆ, ಅದು ನನಗೆ ಬೇಸರದ ಸಂಗತಿ.

ವೈಲ್ಡ್ ‘ಸೇಂಟ್ ಜೇಮ್ಸಸ್ ಗೆಜೆಟ್’ಗೆ ಬರೆದ ಪತ್ರದಲ್ಲಿ, ಅತಿಭೋಗದ ಹಾಗೆಯೇ ತ್ಯಾಗವೂ ತನ್ನ ಶಿಕ್ಷೆಯನ್ನು ತಾನೇ ತರುತ್ತದೆ ಎಂದ. ನೀತಿವಾದಿಗಳು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡರು. ಹನ್ನೊಂದನೆಯ ಅಧ್ಯಾಯ ಬೇಸರ ತರಿಸಿತು ಎಂದು ಬಹಳ ಮಂದಿ ನನಗೆ ಹೇಳಿದ್ದಾರೆ. ಸುಗಂಧ, ವಾದ್ಯ, ರತ್ನ, ಕಸೂತಿ, ಪಾದ್ರಿಗಳ ಉಡುಪು ಎಂದು ಪಟ್ಟಿ ಮುಗಿಯುವುದೇ ಇಲ್ಲ. ಹೇಳಲಾಗದ ಆಸೆ ವಸ್ತುಗಳ ಮೇಲೆ ಹರಿದು ಹೋಗುವ ಪರಿ ಎಂದುಕೊಂಡು ಓದಿ ನೋಡಿ, ಆ ಬೇಸರಕ್ಕೂ ಅರ್ಥ ಬರುತ್ತದೆ. ಆದರೂ ಒಂದೆರಡು ಪುಟ ಹೆಚ್ಚೇ ಆಯಿತು ಎಂಬುದನ್ನು ನಾನೂ ಒಪ್ಪುತ್ತೇನೆ.

ತಿದ್ದಿದ ಪುಸ್ತಕವೂ ಅವನನ್ನು ಕಾಪಾಡಲಿಲ್ಲ. 1895ರ ಏಪ್ರಿಲ್ 3ರಂದು ಓಲ್ಡ್ ಬೇಲಿ ನ್ಯಾಯಾಲಯದಲ್ಲಿ, ತನ್ನನ್ನು ಸಲಿಂಗಿ ಎಂದು ಜರೆದ ಶ್ರೀಮಂತ, ಮಾರ್ಕ್ವೆಸ್ ಆಫ್ ಕ್ವೀನ್ಸ್‌ಬೆರಿಯ ಮೇಲೆ ವೈಲ್ಡ್ ತಾನೇ ಹೂಡಿದ್ದ ಮಾನನಷ್ಟದ ಮೊಕದ್ದಮೆಯಲ್ಲಿ, ಎದುರಾಳಿ ವಕೀಲ ಎಡ್ವರ್ಡ್ ಕಾರ್ಸನ್ ಈ ಕಾದಂಬರಿಯನ್ನು ಕೈಯಲ್ಲಿ ಹಿಡಿದು ಪಾಟೀಸವಾಲು ಮಾಡಿದ. ಓದಲು ಆರಿಸಿಕೊಂಡದ್ದು ಮಾಸಪತ್ರಿಕೆಯ ಪಾಠವನ್ನು, ಅದರಲ್ಲೂ ಬೇಸಿಲ್ ತೋಡಿಕೊಂಡ ಮಾತುಗಳನ್ನು. ಕಲ್ಪಿತ ಚಿತ್ರಕಾರನ ಗುಟ್ಟು ನಿಜದ ಕಟಕಟೆಗೆ ಬಂತು. ಎರಡು ದಿನದಲ್ಲಿ ಮೊಕದ್ದಮೆ ಬಿತ್ತು, ಅಂದೇ ವೈಲ್ಡ್‌ನ ಬಂಧನವಾಯಿತು. ಮೇ 25ರಂದು ಅದೇ ಹನ್ನೊಂದನೆಯ ಕಲಮಿನ ಕೆಳಗೆ ಎರಡು ವರ್ಷದ ಕಠಿಣ ಸೆರೆ, ಆ ಕಲಮು ಕೊಡಬಹುದಾಗಿದ್ದ ಅತಿ ಹೆಚ್ಚಿನ ಶಿಕ್ಷೆ. 1897ರಲ್ಲಿ ಹೊರಗೆ ಬಂದವನು ಫ್ರಾನ್ಸಿಗೆ ಹೋಗಿ ಸೆಬಾಸ್ಟಿಯನ್ ಮೆಲ್‌ಮತ್ ಎಂಬ ಹೆಸರಿನಲ್ಲಿ ಬದುಕಿದ. ನಂಟನ ಕಾದಂಬರಿಯ ಅಲೆಮಾರಿಯ ಹೆಸರು ಅದು.

ಇನ್ನು ಯಾವ ಪಾಠ ಓದಬೇಕು ಎಂಬುದು. ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಇಪ್ಪತ್ತು ಅಧ್ಯಾಯ, ಮೊದಲಿಗೆ ಸೂತ್ರಗಳಂಥ ಮುನ್ನುಡಿ ಇದ್ದರೆ ಅದು 1891ರದು. ಹದಿಮೂರು ಅಧ್ಯಾಯ ಇದ್ದರೆ 1890ರದು. ಮೂರನೆಯದು, ಸ್ಟೊಡಾರ್ಟ್ ಕೈ ಹಾಕುವ ಮೊದಲಿನ ಟೈಪ್ ಪ್ರತಿ. ಅದನ್ನು ನಿಕೊಲಸ್ ಫ್ರಾಂಕೆಲ್ ಸಂಪಾದಿಸಿ 2011ರಲ್ಲಿ ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಮೂಲಕ ತಂದರು. ಕತ್ತರಿ ಹಾಕದ ಪಾಠವೇ ಶ್ರೇಷ್ಠ ಎಂದು ಹೇಳುವುದು ಈಗ ವಾಡಿಕೆ. ನಾನು ಪೂರ್ತಿ ಒಪ್ಪುವುದಿಲ್ಲ. 1891ರಲ್ಲಿ ಸೇರಿದ, ಸಿಬಿಲ್‌ಳ ತಮ್ಮ ಜೇಮ್ಸ್ ವೇನ್‌ನ ಸೇಡಿನ ಕತೆ ಅಗ್ಗದ ನಾಟಕದಂತಿದೆ ನಿಜ, ಆದರೆ ಅದರ ಜೊತೆಗೇ ಬಂದ ಅಫೀಮಿನ ಗುಹೆಯ ಅಧ್ಯಾಯ ಇಲ್ಲದಿದ್ದರೆ ಲಂಡನ್ನಿನ ಇನ್ನೊಂದು ಮುಖವೇ ಪುಸ್ತಕದಲ್ಲಿ ಇರುತ್ತಿರಲಿಲ್ಲ. ನೀವು ಓದಿದ್ದು ಬಹುಶಃ 1891ರದೇ. ಈಗ ಫ್ರಾಂಕೆಲ್ ಆವೃತ್ತಿಯನ್ನು ತರಿಸಿಕೊಂಡು, ಇಡೀ ಪುಸ್ತಕ ಬೇಡ, ಅದರ ಏಳನೆಯ ಅಧ್ಯಾಯವನ್ನೂ ನಿಮ್ಮ ಪ್ರತಿಯ ಒಂಬತ್ತನೆಯದನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಬೇಸಿಲ್‌ನ ಮಾತನ್ನು ಸಾಲು ಸಾಲಾಗಿ ಹೋಲಿಸಿ. ಆಮೇಲೆ ನಿಮ್ಮ ಪ್ರತಿಯ ಹನ್ನೆರಡು, ಹದಿಮೂರು, ಹದಿನಾಲ್ಕನೆಯ ಅಧ್ಯಾಯಗಳನ್ನು ಒಂದೇ ಸಲಕ್ಕೆ ಕುಳಿತು ಓದಿ.